ಕಣ್ಣು ಮುಚ್ಚಿಕೊಂಡ ದುಭಾಷಿ

ಸಮನ್ಸ್ ಹಿಡಿದ ಪೊಲೀಸಿನವರು ಗೇಟಿನೊಳಗೆ ಬಂದಾಗ ನಾನು ಎರಡನೇ ತರಗತಿಯ ಮಕ್ಕಳಿಗೆ ನಿನ್ನೆ, ನಾಳೆಗಳನ್ನು ಕಲಿಸುತ್ತಿದ್ದೆ. ಮಧುಗಿರಿಯಲ್ಲಿ ಕಿವಿ ಕೇಳದ ಮಕ್ಕಳಿಗಾಗಿ ನಡೆಯುವ ಸಣ್ಣ ವಸತಿ ಶಾಲೆ ನಮ್ಮದು; ನಾನು ಅಲ್ಲಿ ಸಂಜ್ಞಾ ಭಾಷೆಯ ಶಿಕ್ಷಕಿ. ನಮ್ಮ ಮಕ್ಕಳಿಗೆ ಗೇಟಿನ ಸದ್ದು ಕೇಳದಿದ್ದರೂ ಖಾಕಿ ಬಟ್ಟೆ ಬಹಳ ದೂರದಿಂದಲೇ ಕಾಣುತ್ತದೆ. ಮೇಡಂ ಏನು ಕದ್ದಿರಬಹುದು ಎಂದು ಇಡೀ ತರಗತಿಯ ಕೈಗಳು ಚರ್ಚೆಗೆ ಇಳಿದವು. ಪಾಠ ಅವತ್ತಿಗೆ ಮುಗಿಯಿತು.

ಶಿರಾ ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿಗೆ ದುಭಾಷಿಯಾಗಿ ನಾನು ಹೋಗಬೇಕಿತ್ತು. ಸಾಕ್ಷಿ ಹುಲಿಕುಂಟೆ ಹೋಬಳಿಯ ಒಬ್ಬ ಕುರಿಗಾಹಿ. ವಯಸ್ಸು ನಲವತ್ತರ ಆಸುಪಾಸು, ಹುಟ್ಟಿನಿಂದಲೇ ಕಿವುಡು, ಮಾತಿಲ್ಲ, ಶಾಲೆ ಕಂಡವನಲ್ಲ. ಒಂದು ಸಂಜೆ ಅವನೂ ಅವನ ಸೋದರಮಾವನೂ ಕುರಿ ಹೊಡೆದುಕೊಂಡು ರಸ್ತೆ ದಾಟುತ್ತಿದ್ದಾಗ ನೀರಿನ ಟ್ಯಾಂಕರೊಂದು ಮಾವನಿಗೆ ಗುದ್ದಿತು. ಮಾವ ತೀರಿಹೋದರು. ವಳ್ಳೂರಿನ ಕಡೆ ಸೋಲಾರ್ ಫಲಕ ತೊಳೆಯುವುದಕ್ಕೆ ನೀರು ಹೊಡೆಯುತ್ತಿದ್ದ ಯಾರದೋ ಖಾಸಗಿ ಟ್ಯಾಂಕರ್ ಅದು. ಅದರ ಚಾಲಕನೆಂದು ಪಾವಗಡದ ಒಬ್ಬ ಹುಡುಗನ ಮೇಲೆ ಕೇಸಾಯಿತು. ಅವತ್ತು ಗಾಡಿ ಓಡಿಸಿದ್ದು ನಾನಲ್ಲ, ನಾನು ಪಕ್ಕದಲ್ಲಿ ಕೂತಿದ್ದೆ ಎನ್ನುವುದು ಆ ಚಾಲಕನ ವಾದ. ನೋಡಿದವನು ಕುರಿಗಾಹಿಯೊಬ್ಬನೇ. ಅವನ ಮಾತು ಕೋರ್ಟಿಗೆ ತಲುಪದೆ ಹೋದರೆ ಮಾವನ ಸಾವಿಗೆ ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ತಪ್ಪಾಗಿ ತಲುಪಿದರೆ ಗಾಡಿ ಓಡಿಸದವನು ಜೈಲಿಗೆ ಹೋಗಬಹುದಿತ್ತು.

ಪೊಲೀಸರ ಮುಂದೆ ಕುರಿಗಾಹಿಯ ಸನ್ನೆಯನ್ನು ಬಿಡಿಸಿ ಹೇಳಿದ್ದು ಅವನ ಅಣ್ಣ. ಕೋರ್ಟಿನಲ್ಲೂ ಅಣ್ಣನೇ ಹೇಳಲಿ ಎಂದು ಸರ್ಕಾರಿ ವಕೀಲರು ಅಂದುಕೊಂಡಿದ್ದರು. ಆಗ ಚಾಲಕನ ಪರ ವಕೀಲರು ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಹಿಡಿದು ಎದ್ದು ನಿಂತರಂತೆ. ಮಾತು ಬಾರದ ಸಾಕ್ಷಿಯ ವಿಚಾರಣೆ ಹೇಗೆ ನಡೆಯಬೇಕು ಎಂದು ಆ ತೀರ್ಪು ಹೇಳುತ್ತದೆ. ಪ್ರಮಾಣ ಮಾಡುವುದೆಂದರೇನು ಎಂಬುದು ಸಾಕ್ಷಿಗೆ ತಿಳಿದಿದೆಯೇ ಎಂದು ನ್ಯಾಯಾಲಯ ಮೊದಲು ಖಚಿತ ಮಾಡಿಕೊಳ್ಳಬೇಕು. ಸಾಕ್ಷಿ ಮಾಡಿದ ಸನ್ನೆಗಳು ದಾಖಲಾಗಬೇಕು, ಬರೀ ಅವುಗಳ ಅರ್ಥವಲ್ಲ. ದುಭಾಷಿ ಸಾಕ್ಷಿಯ ಪರಿಸರದವರೇ ಆಗಿರಬೇಕು, ಆದರೆ ಕೇಸಿನಲ್ಲಿ ಅವರಿಗೆ ಯಾವ ಹಿತಾಸಕ್ತಿಯೂ ಇರಬಾರದು. ಈ ಕೇಸಿನಲ್ಲಿ ಅಣ್ಣನೇ ದೂರುದಾರ. ಹಾಗಾಗಿ ಅಣ್ಣ ಹೊರಗೆ, ನಾನು ಒಳಗೆ.

ಬಸ್ಸಿನಲ್ಲಿ ಕೂತು ಈ ಕೊನೆಯ ಷರತ್ತನ್ನೇ ಮೆಲುಕು ಹಾಕುತ್ತಾ ಹೋದೆ. ಹಳ್ಳಿಯಲ್ಲಿ ಅವನ ಕೈಸನ್ನೆ ಬಲ್ಲವರಿಗೆಲ್ಲ ಅವನೊಂದಿಗೆ ಒಂದಲ್ಲ ಒಂದು ನಂಟಿರುತ್ತದೆ. ನಂಟಿಲ್ಲದವರಿಗೆ ಸನ್ನೆ ಗೊತ್ತಿರುವುದಿಲ್ಲ. ದೆಹಲಿಯಲ್ಲಿ ಕೂತು ಬರೆದ ಎರಡು ಷರತ್ತು ಹುಲಿಕುಂಟೆಯಲ್ಲಿ ಒಬ್ಬರಲ್ಲೇ ಕೂಡುವುದು ಹೇಗೆ ಎಂದು ನನಗೆ ನಿಜವಾಗಿಯೂ ಕುತೂಹಲ ಹುಟ್ಟಿತು. ನನಗೆ ಸಂಜ್ಞಾ ಭಾಷೆ ಬರುತ್ತದಲ್ಲ, ಹೇಗೋ ನಡೆದೀತು ಎಂದು ಧೈರ್ಯ ಹೇಳಿಕೊಂಡೆ.

ನಡೆಯಲಿಲ್ಲ. ಸಾಕ್ಷಿಯ ಕಟಕಟೆಯಲ್ಲಿ ಕುರಿಗಾಹಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹೆಗಲ ಮೇಲೆ ಕಂಬಳಿ ಇಟ್ಟುಕೊಂಡು ನಿಂತಿದ್ದ. ನಾನು ಪ್ರಮಾಣ ಮಾಡಿ ಅವನ ಎದುರಿಗೆ ನಿಂತೆ. ನ್ಯಾಯಾಧೀಶರು ಚಿಕ್ಕ ವಯಸ್ಸಿನವರು, ತಾಳ್ಮೆಯವರು. "ಸತ್ಯವನ್ನೇ ಹೇಳಬೇಕು ಅಂತ ಇವರಿಗೆ ಗೊತ್ತಾ, ಕೇಳಿ" ಎಂದರು. ಕೇಳಿದೆ. ಕುರಿಗಾಹಿ ತಲೆಯಾಡಿಸಿದ. "ಸುಳ್ಳು ಹೇಳಿದರೆ ಶಿಕ್ಷೆ ಇದೆ ಅಂತ ಗೊತ್ತಾ?" ಅದಕ್ಕೂ ತಲೆಯಾಡಿಸಿದ. ಟೈಪು ಮಾಡುವವರ ಬೆರಳುಗಳು ಆಗಲೇ ಓಡತೊಡಗಿದ್ದವು. ಸರ್ಕಾರಿ ವಕೀಲರ ಮುಖ ಅರಳಿತ್ತು.

ಆದರೆ ಆ ತಲೆಯಾಟ ನನಗೆ ಚೆನ್ನಾಗಿ ಪರಿಚಯ. ಶಾಲೆಗೆ ಹೊಸದಾಗಿ ಸೇರುವ ಮಕ್ಕಳು ಹೀಗೇ ಆಡಿಸುತ್ತಾರೆ. ಎದುರಿಗಿರುವ ದೊಡ್ಡವರ ತುಟಿ ಅಲುಗಿ ನಿಂತರೆ ತಲೆಯಾಡಿಸಬೇಕು, ಆಗ ಅವರು ಬೈಯದೆ ಬಿಟ್ಟುಬಿಡುತ್ತಾರೆ ಎಂಬುದನ್ನು ಕಿವುಡು ಮಗು ಎಲ್ಲಕ್ಕಿಂತ ಮೊದಲು ಕಲಿತಿರುತ್ತದೆ. ನಾನು ಸುಮ್ಮನಿದ್ದಿದ್ದರೆ ಕೆಲಸ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಸುಮ್ಮನಿರಲು ಆಗಲಿಲ್ಲ. ನ್ಯಾಯಾಧೀಶರ ಅಪ್ಪಣೆ ಪಡೆದು ನನ್ನದೇ ಒಂದು ಪ್ರಶ್ನೆ ಹಾಕಿದೆ: "ನೀನು ಹೆಂಗಸಾ?"

ಅವನು ಬಹಳ ಗಂಭೀರವಾಗಿ ತಲೆಯಾಡಿಸಿದ.

ಕೋರ್ಟು ನಕ್ಕಿತು. ಎಲ್ಲರ ಮುಖ ನೋಡಿ ಅವನೂ ನಕ್ಕ. ಅದನ್ನು ಕಂಡು ನನಗೆ ಸಿಟ್ಟು ಉಕ್ಕಿತು. ಯಾರ ಮೇಲೆ ಎಂದು ಹೇಳಲಾರೆ, ಪ್ರಶ್ನೆ ಕೇಳಿದವಳು ನಾನೇ.

"ಸ್ವಾಮಿ, ನಾನು ಕೇಳಿದ್ದು ಒಂದೂ ಇವರಿಗೆ ಅರ್ಥ ಆಗಿಲ್ಲ. ಇವರ ಸನ್ನೆ ನನಗೆ ಗೊತ್ತಿಲ್ಲ, ನನ್ನ ಸನ್ನೆ ಇವರಿಗೆ ಗೊತ್ತಿಲ್ಲ. ಇಲ್ಲಿವರೆಗೆ ಹೌದು ಅಂತ ಬರೆದುಕೊಂಡದ್ದನ್ನೆಲ್ಲ ಹೊಡೆದುಹಾಕಬೇಕು" ಎಂದೆ.

"ಅಲ್ಲಾ ಮೇಡಂ, ನಿಮ್ಮನ್ನ ಕರೆಸಿದ್ದು ಅರ್ಥ ಮಾಡ್ಸೋಕೆ, ಅರ್ಥ ಆಗಲ್ಲ ಅಂತ ಹೇಳೋಕಲ್ಲ" ಎಂದು ಸರ್ಕಾರಿ ವಕೀಲರು ಗೊಣಗಿದರು. ಚಾಲಕನ ಪರ ವಕೀಲರಿಗೆ ಇದೇ ಬೇಕಿತ್ತು. ದುಭಾಷಿ ಸಾಕ್ಷಿಯ ಪರಿಸರದವರಲ್ಲ ಎಂದು ಮತ್ತೆ ಅದೇ ತೀರ್ಪು ತೋರಿಸಿದರು. ಸಾಕ್ಷಿ ಅಸಮರ್ಥ ಎಂದು ದಾಖಲಿಸಿ ಅವನನ್ನು ಕೈಬಿಡಬೇಕು ಎಂದರು.

"ಅಸಮರ್ಥಳು ನಾನು ಸಾರ್, ಅವರಲ್ಲ. ಕಲಿಯೋಕೆ ನನಗೆ ಸಮಯ ಕೊಡಿ" ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ನ್ಯಾಯಾಧೀಶರು ಸ್ವಲ್ಪ ಹೊತ್ತು ತೀರ್ಪಿನ ಪುಟ ತಿರುವಿದರು. ಆಮೇಲೆ ಕೊಟ್ಟ ಆದೇಶ ನಾನು ಎಣಿಸಿರದಂಥದ್ದು. ನಾನು ಸಾಕ್ಷಿಯ ಊರಿಗೆ ಹೋಗಿ ಅವನ ಸನ್ನೆಗಳನ್ನು ಕಲಿಯಬಹುದು. ಆದರೆ ಆ ಸಂಜೆಯ ಬಗ್ಗೆ ಏನನ್ನೂ ಕೇಳಕೂಡದು; ಅವನಾಗಿ ಹೇಳಬಂದರೂ ತಿಳಿದುಕೊಳ್ಳಕೂಡದು. ಅದು ಮೊದಲ ಸಲ ಕೋರ್ಟಿನಲ್ಲೇ ಹೊರಬರಬೇಕು. "ಪರಿಸರದವರು ಅಂದರೆ ಅಲ್ಲೇ ಹುಟ್ಟಿರಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ. ಹೋಗಿ ಬನ್ನಿ ಮೇಡಂ" ಎಂದರು.

ರಜೆಯ ದಿನಗಳಲ್ಲಿ ಹೋಗತೊಡಗಿದೆ. ಶಿರಾದಲ್ಲಿ ಇಳಿದು ಹುಲಿಕುಂಟೆ ಕಡೆಯ ಬಸ್ಸು, ಆಮೇಲೆ ಕಾಲುನಡಿಗೆ. ಅಣ್ಣ ನನ್ನನ್ನು ಕಂಡರೆ ಮುಖ ಗಂಟಿಕ್ಕಿಕೊಂಡು ಹೊಲಕ್ಕೆ ಹೋಗಿಬಿಡುತ್ತಿದ್ದ. ಮಾತಾಡಿಸುತ್ತಿದ್ದದ್ದು ಅವನ ಹೆಂಡತಿ, ಅಂದರೆ ಕುರಿಗಾಹಿಯ ಅತ್ತಿಗೆ. ಸತ್ತುಹೋದ ಮಾವನ ಮಗಳೇ ಆಕೆ.

"ಕೋರ್ಟ್‌ನೋರು ನಮ್ ಮೂಗನ್ ಮಾತು ಕಲಿಯಕ್ಕೆ ಮೇಡಮ್ಮುನ್ನ ಕಳ್ಸವ್ರೆ ಅಂತ ಊರೋರೆಲ್ಲ ನಗ್ತಾವ್ರೆ ಕಣಮ್ಮ. ಅವುಂದೇನ್ ಮಹಾ ಮಾತು? ಇಂಗಂದ್ರೆ ಅನ್ನ, ಅಂಗಂದ್ರೆ ನೀರು" ಎಂದಳು.

"ಅಷ್ಟೇನಾ?"

"ಇನ್ನೂ ಅವೆ. ಕುರಿ ಜೊತೆ ಓಗಿ ನೀವೇ ನೋಡ್ಕಳಿ ಬುಡಿ."

ನೋಡಿಕೊಂಡೆ. ಇಷ್ಟು ವರ್ಷ ಸಂಜ್ಞೆ ಕಲಿಸಿದವಳಿಗೆ ಹೊಸ ಭಾಷೆಯೊಂದರ ಅಂಗಳದಲ್ಲಿ ಕೂತ ಖುಷಿ ಅದು. ಅಣ್ಣನೆಂದರೆ ಮಣಿಕಟ್ಟಿನ ವಾಚು. ಅತ್ತಿಗೆಯೆಂದರೆ ಮೂಗುಬೊಟ್ಟು. ಒಂದೊಂದು ಕುರಿಗೂ ಒಂದೊಂದು ಹೆಸರು: ಕಿವಿ ಸೀಳಿದ್ದು, ಕುಂಟುವುದು, ಹಾಲು ಕೊಡದೆ ಮರಿಯನ್ನೇ ಒದೆಯುವುದು. ಹೆಗಲ ಮೇಲೆ ಅಡ್ಡಲಾಗಿ ಇಟ್ಟ ಕೋಲಿಗೆ ಎರಡೂ ಕೈ ಜೋತುಬಿಟ್ಟಂತೆ ನಿಂತರೆ ಅದು ಮಾವ. ನಿನ್ನೆ ಎನ್ನುವುದಕ್ಕೆ ನಮ್ಮ ಮಕ್ಕಳು ಕೈಯನ್ನು ಭುಜದ ಹಿಂದಕ್ಕೆ ಒಯ್ಯುತ್ತಾರೆ. ಇವನು ಹೊತ್ತು ಮುಳುಗುವ ದಿಕ್ಕಿಗೆ ಕೈಚಾಚುತ್ತಿದ್ದ. ಮೋಡ ಕವಿದಿರಲಿ, ಮನೆಯೊಳಗಿರಲಿ, ಪಡುವಣ ಯಾವ ಕಡೆ ಎನ್ನುವುದು ಅವನಿಗೆ ಗೊತ್ತಿರುತ್ತಿತ್ತು. ಜೀವ ಹೋಯಿತು ಎನ್ನಲು ಚಾಚಿದ ಅಂಗೈಯನ್ನು ಮಗುಚುತ್ತಿದ್ದ. ನಾನು ಅನುಕರಿಸುವಾಗ ತಪ್ಪು ಮಾಡಿದರೂ ಅವನು ತಲೆಯಾಡಿಸಿಬಿಡುತ್ತಿದ್ದ. ಎಷ್ಟೆಂದರೂ ನಾನು ಮೇಡಂ ಅಲ್ಲವೇ! ಆದ್ದರಿಂದ ಅವನನ್ನು ಕೇಳಿ ಕಲಿಯುವುದನ್ನು ಬಿಟ್ಟು, ಅವನು ಅತ್ತಿಗೆಯ ಜೊತೆ ಜಗಳವಾಡುವುದನ್ನು ನೋಡಿ ಕಲಿತೆ.

ಎಲ್ಲ ಸಿಕ್ಕರೂ ಸತ್ಯ ಎನ್ನುವುದಕ್ಕೆ ಸನ್ನೆ ಸಿಕ್ಕಿರಲಿಲ್ಲ. ಅದಿಲ್ಲದೆ ಪ್ರಮಾಣವಿಲ್ಲ, ಪ್ರಮಾಣವಿಲ್ಲದೆ ಸಾಕ್ಷ್ಯವಿಲ್ಲ. ಒಂದು ಸಂಜೆ ಮಂದೆ ಮನೆಗೆ ಬಂದಾಗ ಒಂದು ಮರಿ ಕಡಿಮೆ ಇತ್ತು. ತೋಳ ಒಯ್ದಿರಬೇಕು ಎಂದು ಅವನು ಉದ್ದ ಮೂತಿ ತೋರಿಸಿದ.

"ಲೇ, ಕಣ್ಣಾರೆ ಕಂಡ್ಯೇನ್ಲಾ?" ಎಂದು ಅತ್ತಿಗೆ ಬಾಯಲ್ಲೂ ಕೈಯಲ್ಲೂ ಗದರಿದಳು. ಅವನು ಬೆರಳನ್ನು ಕಣ್ಣಿನ ಕೆಳಗಿಟ್ಟು ಬರಿಗೈ ಮಾಡಿ ತೋರಿಸಿದ. ಕಂಡಿಲ್ಲ. ಹೆಜ್ಜೆ ಗುರುತನ್ನು ಮಾತ್ರ ಕಂಡಿದ್ದ. ತಾನೇ ಕಂಡದ್ದಕ್ಕೆ ಕಣ್ಣು ಮುಟ್ಟಿ, ಬಗ್ಗಿ ನೆಲ ಮುಟ್ಟಿದ. ಪಕ್ಕದ ಮಂದೆಯವರೂ ತೋಳ ಎಂದಿದ್ದರು. ಅದಕ್ಕೆ ಇನ್ನೊಬ್ಬರ ತುಟಿಯಿಂದ ಏನನ್ನೋ ತೆಗೆದು ಗಾಳಿಗೆ ಬಿಟ್ಟ. ನಾನು ಕೂತಲ್ಲಿಂದ ಎದ್ದು ನಿಂತೆ. ಕಂಡದ್ದು, ಕಾಣದೆ ಊಹಿಸಿದ್ದು, ಬೇರೆಯವರು ಹೇಳಿದ್ದು, ಮೂರನ್ನೂ ಅವನು ಎಷ್ಟು ಸಲೀಸಾಗಿ ಬೇರೆ ಬೇರೆ ಇಟ್ಟಿದ್ದ! ಸಾಕ್ಷ್ಯದ ಕಾನೂನು ಸಾಕ್ಷಿಯಿಂದ ಕೇಳುವುದು ಇದನ್ನೇ.

ತೊಂದರೆ ಬೇರೆ ಕಡೆಯಿಂದ ಬಂತು. ಕೋರ್ಟಿನಿಂದ ಬಂದವಳು ನಾನು, ನನಗೆ ಹೇಳಬೇಕಾದದ್ದು ಏನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಂದೆ ಡಾಂಬರು ರಸ್ತೆಯ ಹತ್ತಿರ ಬಂದ ಒಂದು ದಿನ ಅವನು ನನ್ನ ಮುಂದೆ ನಿಂತು ಶುರುಮಾಡಿದ. ಕೋಲಿಗೆ ಕೈ ಜೋತುಬಿಟ್ಟ ಮಾವ. ತೋಳುಗಳನ್ನು ಅಗಲಿಸಿ ತೋರಿಸಿದ ಟ್ಯಾಂಕರಿನ ಹೊಟ್ಟೆ. ನಾನು ಮುಖ ತಿರುಗಿಸಿದೆ. ಅವನು ಆ ಕಡೆಗೆ ಬಂದು ನಿಂತ. ಮತ್ತೆ ತಿರುಗಿಸಿದೆ, ಮತ್ತೆ ಬಂದ. ನ್ಯಾಯಾಧೀಶರ ಆದೇಶ ಪಾಲಿಸಲು ನನಗೆ ಉಳಿದದ್ದು ಒಂದೇ ದಾರಿ. ನಡು ಬಿಸಿಲಲ್ಲಿ ನಿಂತು ಎರಡೂ ಕಣ್ಣು ಮುಚ್ಚಿಕೊಂಡೆ.

ಅವನ ಉಸಿರು ಕೇಳುತ್ತಿತ್ತು. ಕೈಗಳು ಎದೆಗೆ ಬಡಿದುಕೊಳ್ಳುವ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಕಣ್ಣು ಬಿಟ್ಟಾಗ ಅವನು ಕುರಿಗಳ ಕಡೆ ನೋಡುತ್ತಾ ಕೂತಿದ್ದ, ನನ್ನ ಕಡೆ ನೋಡಲಿಲ್ಲ. ಕಿವುಡು ಮಗುವಿನಿಂದ ಕಣ್ಣು ತಪ್ಪಿಸುವುದೆಂದರೆ ಅದರ ಬಾಯಿಗೆ ಬಟ್ಟೆ ತುರುಕಿದ ಹಾಗೆ ಎಂದು ಪ್ರತಿ ವರ್ಷ ತಂದೆತಾಯಿಯರಿಗೆ ಬುದ್ಧಿ ಹೇಳುವವಳು ನಾನು. ಅವತ್ತು ನನಗೆ ಅಳು ಬಂತು.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. "ನಾವೂ ಅಂಗೇಯ ಕಣಮ್ಮ. ಅವ್ನು ಸುರು ಮಾಡ್ತಿದ್ದಂಗೇ ಎಲ್ರೂ ಅವ್ನ್ ಕೈ ಇಡ್ಕಂಬುಡ್ತೀವಿ, ಸಾಕು ಬುಡಪ್ಪ ಅಂತ. ನಮ್ಮಪ್ಪ ಟ್ಯಾಂಕರ್‌ಗೆ ಸಿಕ್ಕಿದ್ನ ನಾನು ಎಷ್ಟ್ ಸಲ ನೋಡ್ಲಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಡುವ ಮೊದಲು ಅವನ ಎದುರು ಕೂತು, ಕರಿಕೋಟಿನವರ ಜಾಗವನ್ನು ತೋರಿಸಿ, ಅಲ್ಲಿ ನಿನ್ನ ಕೈ, ಅಲ್ಲಿ ನನ್ನ ಕಣ್ಣು ಎಂದು ರೆಪ್ಪೆಗಳನ್ನು ಬೆರಳಿಂದ ಅಗಲಿಸಿ ತೋರಿಸಿದೆ. ಅವನು ತಲೆಯಾಡಿಸಿದ. ಅದು ಯಾವ ತಲೆಯಾಟ ಎಂದು ತಿಳಿಯದೆ ಬಸ್ಸು ಹತ್ತಿದೆ.

ಮುಂದಿನ ವಿಚಾರಣೆಯ ದಿನ ಕಾನೂನಿನ ಪ್ರಕಾರ ವಿಡಿಯೋ ಕ್ಯಾಮೆರಾ ಇಟ್ಟಿದ್ದರು. ಪ್ರಮಾಣದ ಮಾತು ಬಂದಾಗ ನಾನು ಕಣ್ಣು ಮುಟ್ಟಿ ನೆಲ ಮುಟ್ಟಿದೆ: ಕಂಡದ್ದು ಮಾತ್ರ ಇಲ್ಲಿ ಬೇಕು. ತುಟಿಯಿಂದ ತೆಗೆದು ಗಾಳಿಗೆ ಬಿಟ್ಟೆ: ಬೇರೆಯವರು ಹೇಳಿದ್ದು ಬೇಡ. ನ್ಯಾಯಾಧೀಶರು ಈ ಸಲ ನನ್ನನ್ನಾಗಲಿ ತಲೆಯಾಟವನ್ನಾಗಲಿ ನಂಬಲಿಲ್ಲ. ಮೇಜಿನ ಕೆಳಗೆ ಏನನ್ನೋ ಮುಷ್ಟಿಯಲ್ಲಿ ಹಿಡಿದು ಮೇಲೆತ್ತಿ, "ಇದರಲ್ಲಿ ಏನಿದೆ, ಕೇಳಿ" ಎಂದರು. ಕುರಿಗಾಹಿ ಮುಷ್ಟಿಯನ್ನು ದಿಟ್ಟಿಸಿದ. ಕಣ್ಣಿನ ಕೆಳಗೆ ಬೆರಳಿಟ್ಟು ಬರಿಗೈ ತೋರಿಸಿದ. ಕಂಡಿಲ್ಲ. ನ್ಯಾಯಾಧೀಶರು ಮುಷ್ಟಿ ಬಿಚ್ಚಿದರು, ಪೆನ್ನಿನ ಮುಚ್ಚಳ ಇತ್ತು. "ಸಾಕ್ಷಿ ಸಮರ್ಥರು ಎಂದು ಬರೆದುಕೊಳ್ಳಿ" ಎಂದರು.

ಸರ್ಕಾರಿ ವಕೀಲರು ಆರೋಪಿಯತ್ತ ಕೈ ತೋರಿಸಿ "ಗಾಡಿ ಓಡಿಸ್ತಿದ್ದವನು ಇವನೇ ಅಲ್ವಾ?" ಎಂದರು. ಉತ್ತರವನ್ನು ಬಾಯಿಗೆ ತುರುಕುವ ಪ್ರಶ್ನೆ ಅದು ಎಂದು ಎದುರು ವಕೀಲರು ತಡೆದರು. ಕಡೆಗೆ ನ್ಯಾಯಾಧೀಶರೇ, ಆ ಸಂಜೆ ಏನು ಕಂಡರೋ ತೋರಿಸಲಿ ಎಂದರು. ನಾನು ಪಡುವಣಕ್ಕೆ ಕೈಚಾಚಿ, ಮಾವನಂತೆ ನಿಂತು, ಕಣ್ಣು ಅರಳಿಸಿದೆ.

ಅವನು ಕಟಕಟೆಯಿಂದ ಇಳಿದು ಬಂದ. ಯಾರೂ ತಡೆಯಲಿಲ್ಲ. ಎರಡು ಕುರ್ಚಿ ಎಳೆದು ಪಕ್ಕಪಕ್ಕ ಇಟ್ಟ. ಬಲಗಡೆಯದರಲ್ಲಿ ಕೂತು ಸ್ಟೇರಿಂಗ್ ತಿರುಗಿಸಿದ. ಕುತ್ತಿಗೆಯಲ್ಲಿ ದಪ್ಪ ಸರ, ಕಿವಿಗೆ ಒತ್ತಿದ ಫೋನು. ಎದ್ದು ಬಂದು ಆರೋಪಿಯ ಭುಜ ಮುಟ್ಟಿದ; ಹಿಂದಿರುಗಿ ಎಡಗಡೆಯ ಕುರ್ಚಿಯಲ್ಲಿ ಕೂತ. ಗುದ್ದು. ಮಾವ ನೆಲಕ್ಕೆ. ಎಡಗಡೆಯವನು ಹಾರಿ ಇಳಿದು ಓಡಿ ಬಂದ, ಬೊಗಸೆಯಲ್ಲಿ ನೀರು. ಬಲಗಡೆಯವನು ಇಳಿಯಲೇ ಇಲ್ಲ. ಕೈಬೀಸಿ ಕರೆದ, ಎಡಗಡೆಯವನು ಹತ್ತಿದ, ಗಾಡಿ ಹೋಯಿತು. ಪ್ರತಿ ಸನ್ನೆಯನ್ನೂ ಮೊದಲು ಸನ್ನೆಯಾಗಿಯೇ ಹೇಳಿ, ಆಮೇಲೆ ಅರ್ಥ ಹೇಳಿದೆ. ಟೈಪು ಮಾಡುವವರು ಎರಡೂ ಬರೆದುಕೊಂಡರು.

ಆರೋಪಿ ಕಟಕಟೆಯ ಪಟ್ಟಿ ಹಿಡಿದುಕೊಂಡು "ನಾನು ಮೊದ್ಲಿಂದ ಇದೇ ಚೆಪ್ತಾ ಇದ್ದೆ ಸಾರ್, ಎವರೂ ವಿನಲೇದು, ಒಬ್ರೂ ಕೇಳಿಲ್ಲ ಸಾರ್" ಎಂದು ಕನ್ನಡಕ್ಕೆ ತೆಲುಗು ಬೆರೆಸಿ ಅತ್ತ.

ಸರ್ಕಾರಿ ವಕೀಲರು ಸಾಕ್ಷಿ ಪ್ರತಿಕೂಲವಾದರು ಎಂದು ಘೋಷಿಸಿ, ಪೊಲೀಸರ ಮುಂದೆ ಇವನನ್ನೇ ಗುರುತಿಸಿದ್ದು ಸುಳ್ಳೇ ಎಂದು ಪಾಟೀಸವಾಲು ಹಾಕಿದರು. ಟೋಪಿಯವರು, ಅಣ್ಣ, ನೀನು, ಅವತ್ತು ಏನಾಯಿತು ಎಂದು ಸನ್ನೆಯಲ್ಲಿ ಕೇಳಿದೆ. ಕುರಿಗಾಹಿ ತನ್ನ ಮುಖದ ಮುಂದೆ ಒಂದು ಫೋಟೋ ಹಿಡಿದಂತೆ ಕೈ ಹಿಡಿದ. ಯಾರದೋ ತುಟಿ ಪಟಪಟ ಆಡಿದ್ದನ್ನು ಬೆರಳಲ್ಲಿ ತೋರಿಸಿದ. ಆಮೇಲೆ ತನ್ನನ್ನೇ ತೋರಿಸಿದ: ಪೆಚ್ಚು ಮುಖ ಮಾಡಿಕೊಂಡು ತಲೆಯಾಡಿಸಿದ, ಇನ್ನೊಮ್ಮೆ ಆಡಿಸಿದ, ಮತ್ತೊಮ್ಮೆ ಆಡಿಸಿದ. ಈ ಸಲ ಯಾರೂ ನಗಲಿಲ್ಲ. ಚಾಲಕನ ಪರ ವಕೀಲರು ತಮ್ಮ ಸರದಿ ಬಂದಾಗ ಪ್ರಶ್ನೆಗಳಿಲ್ಲ ಎಂದರು. ಸಾಕ್ಷಿ ಅಸಮರ್ಥ ಎಂಬ ತಮ್ಮ ಹಳೆಯ ವಾದವನ್ನು ಅವರೂ ಮರೆತಿದ್ದರು, ನಾನೂ ನೆನಪಿಸಲಿಲ್ಲ. ಕೆಲವು ತಿಂಗಳ ಮೇಲೆ ಆ ಪಾವಗಡದ ಹುಡುಗ ಬಿಡುಗಡೆಯಾದ, ಬಲಗಡೆ ಕೂತವನ ಬಗ್ಗೆ ತನಿಖೆ ಶುರುವಾಯಿತು ಎಂದು ಕೇಳಿದೆ.

ಆದರೆ ಅವತ್ತು ಇನ್ನೊಂದು ಕ್ರಮ ಬಾಕಿ ಇತ್ತು. ಬರೆದುಕೊಂಡ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಿ, ಸರಿ ಎಂದ ಮೇಲೆಯೇ ಹೆಬ್ಬೆಟ್ಟು. ನ್ಯಾಯಾಧೀಶರು ಒಂದೊಂದೇ ವಾಕ್ಯವನ್ನು ಗಟ್ಟಿಯಾಗಿ ಓದುತ್ತಾ ಹೋದರು, ನಾನು ಅವನ ಕಥೆಯನ್ನು ಅವನದೇ ಕೈಮಾತಿನಲ್ಲಿ ಅವನಿಗೆ ಹಿಂದಿರುಗಿಸುತ್ತಾ ಹೋದೆ. ಯಾರಾದರೂ ಅವನಿಗೆ ಅವನ ಕಥೆ ಹೇಳಿದ್ದು ಅದೇ ಮೊದಲಿರಬೇಕು. ರೆಪ್ಪೆ ಬಡಿಯದೆ ನೋಡುತ್ತಿದ್ದ. "ಮಾವ ಸ್ಥಳದಲ್ಲೇ ಸತ್ತರು" ಎಂದು ನ್ಯಾಯಾಧೀಶರು ಓದಿದರು. ದೋಷಾರೋಪಣೆಯಲ್ಲೂ ಹಾಗೇ ಇತ್ತು. ಅವನು ಮಾವ ನೆಲಕ್ಕೆ ಬಿದ್ದದ್ದನ್ನು ತೋರಿಸಿದಾಗ ನಾನೂ ಹಾಗೇ ಹೇಳಿಬಿಟ್ಟಿದ್ದೆ. ಕೈ ಚಾಚಿ ಅಂಗೈ ಮಗುಚಿದೆ.

ಅವನು ಗಬಕ್ಕನೆ ನನ್ನ ಮಣಿಕಟ್ಟು ಹಿಡಿದ. ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದ. ಅಲ್ಲ.

ನನ್ನ ಅಂಗೈಯನ್ನು ತಿರುಗಿ ಮೇಲ್ಮುಖ ಮಾಡಿದ. ಒಂದು ಕೈಯಲ್ಲಿ ಅದನ್ನು ಹಾಗೇ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅದಕ್ಕೆ ನೀರು ಹನಿಸಿದ. ಕತ್ತೆತ್ತಿ ಗುಟುಕರಿಸಿದ, ಗಂಟಲು ಏರಿ ಇಳಿಯಿತು. ಸ್ವಲ್ಪ ಹೊತ್ತು ಕಾದ. ಆಮೇಲೆ ನನ್ನ ಅಂಗೈಯನ್ನು ಮೆಲ್ಲಗೆ ತಾನೇ ಮಗುಚಿದ.

ನಾನು ಹೇಳಿದೆ. ನ್ಯಾಯಾಧೀಶರು ಹಳೆಯ ವಾಕ್ಯ ಹೊಡೆಸಿ ಹೊಸದನ್ನು ಬರೆಸಿದರು, ಓದಿದರು: "ಮಾವ ನೀರು ಕುಡಿದರು. ಆಮೇಲೆ ಸತ್ತರು."

ಹಿಂದಿನ ಬೆಂಚಿನಿಂದ ಅತ್ತಿಗೆ ಎದ್ದು ನಿಂತಳು. "ಸ್ವಾಮಿ, ನಮ್ಮಪ್ಪುನ್ ಬಾಯ್ಗೆ ನೀರು ಬಿತ್ತಾ? ಬಾಯ್ಗೆ ನೀರ್ ಬುಡೋರಿಲ್ದಂಗೆ ರೋಡಲ್ಲಿ ಸತ್ತ ಅಂತ್ಲೇ ನಾನು ಇಷ್ಟು ದಿನ..." ಎಂದಳು. ಕುಳಿತುಕೊಳ್ಳಮ್ಮ ಎಂದು ಅಟೆಂಡರ್ ಹೆಜ್ಜೆ ಎತ್ತಿದ. ನ್ಯಾಯಾಧೀಶರು ಕೈಯೆತ್ತಿ ಅವನನ್ನು ನಿಲ್ಲಿಸಿದರು.

ಉತ್ತರ ಆರೋಪಿಯ ಕಟಕಟೆಯಿಂದ ಬಂತು.

"ಕುಡಿದ್ರಕ್ಕಾ. ಎರಡು ಗುಟುಕು ಕುಡಿದ್ರು."